ನಾಲ್ಕನೆಯ ಗೋಲಿ

ನಾನು ರಸಾಯನಶಾಸ್ತ್ರ ಕಲಿಸುವ ಕಾಲೇಜಿನ ಲ್ಯಾಬಿನ ಅಟೆಂಡರನ್ನು ಎಲ್ಲರೂ ಗೋಲಿಯಣ್ಣ ಎನ್ನುತ್ತೇವೆ. ಪ್ಲಾಸ್ಟಿಕ್ ಗೋಲಿಗಳಿಗೆ ಕಡ್ಡಿ ಸಿಕ್ಕಿಸಿ ಸಕ್ಕರೆಗಳ ಅಣುವಿನ ಮಾದರಿ ಕಟ್ಟುವುದು ಮೂವತ್ತು ವರ್ಷದಿಂದ ಅವನದೇ ಕೆಲಸ. ಗ್ಲೂಕೋಸಿಗೆ ಇಂಗಾಲದ ಕಪ್ಪು ಆರು, ಆಮ್ಲಜನಕದ ಕೆಂಪು ಆರು, ಜಲಜನಕದ ಬಿಳಿ ಹನ್ನೆರಡು. ಓದದೆ ಪಾಸಾಗುವ ಆಸೆ ಇಟ್ಟುಕೊಂಡವರನ್ನು ಕಂಡರೆ, "ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ?" ಎಂದು ನಗಿಸುತ್ತಿದ್ದ.

ಒಮ್ಮೆ ನಾಲ್ಕನೆಯ ಕಪ್ಪು ಗೋಲಿಯ ಬಲಕ್ಕಿರಬೇಕಾದ ಕೆಂಪು ಗೋಲಿಯನ್ನು ಎಡಕ್ಕೆ ಸಿಕ್ಕಿಸಿದ್ದ. ತುಂಬಿದ ಕ್ಲಾಸಿನಲ್ಲೇ ಗದರಿದೆ.

"ಒಂದು ಗೋಲಿ ಆಚೀಚೆ ಆದ್ರೆ ಏನು ಮುಳುಗಿಹೋಯ್ತು, ಮೇಡಂ?"

"ಇದು ಗ್ಲೂಕೋಸ್ ಅಲ್ಲ, ಗ್ಯಾಲಕ್ಟೋಸ್. ಹಾಲಿನ ಸಕ್ಕರೆ ಒಡೆದಾಗ ಬರೋದು. ಇದನ್ನ ಅರಗಿಸಿಕೊಳ್ಳೋಕೆ ಆಗದ ಮಕ್ಕಳು ಅಪರೂಪಕ್ಕೆ ಹುಟ್ತಾವೆ. ಅವಕ್ಕೆ ತಾಯಿಹಾಲೇ ವಿಷ."

ಪುಸ್ತಕದಲ್ಲಿದ್ದದ್ದನ್ನು ಹೇಳಿದೆ, ಅಷ್ಟೆ. ಅವನು ಅದನ್ನು ಮರೆಯಲಿಲ್ಲ.

ಹೋದ ವರ್ಷ ಅವನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಎಂಟನೆಯ ದಿನಕ್ಕೆ ಮೈಯೆಲ್ಲ ಹಳದಿ, ಕುಡಿದದ್ದೆಲ್ಲ ವಾಂತಿ. ಆಸ್ಪತ್ರೆಯವರು ಮೂತ್ರದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ನೋಡಿ ಸಕ್ಕರೆ ಇಲ್ಲ ಎಂದರು. ಆ ಪಟ್ಟಿ ಗುರುತಿಸುವುದು ಗ್ಲೂಕೋಸನ್ನು ಮಾತ್ರ; ನಮ್ಮ ಲ್ಯಾಬಿನ ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಗ್ಲೂಕೋಸ್, ಗ್ಯಾಲಕ್ಟೋಸ್ ಎರಡೂ ಸಿಕ್ಕಿಬೀಳುತ್ತವೆ. ಗೋಲಿಯಣ್ಣನಿಗೆ ಇಷ್ಟು ಗೊತ್ತಿತ್ತು. ಮಗುವಿನ ಮೂತ್ರ ತಂದು, ದ್ರಾವಣಕ್ಕೆ ಬೆರೆಸಿ ಕಾಯಿಸಿದ. ಸಕ್ಕರೆ ಇದೆ ಎನ್ನುವ ಇಟ್ಟಿಗೆಯ ಕೆಂಪು ಬಂತು. ಟ್ಯೂಬು ಹಿಡಿದು ನನ್ನ ಕೋಣೆಗೆ ಓಡಿಬಂದ.

"ಆ ಇನ್ನೊಂದು ಸಕ್ಕರೇನೇ ಅಲ್ವಾ, ಮೇಡಂ? ಹಾಲು ನಿಲ್ಲಿಸಿಬಿಡ್ಲಾ?"

ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ.

"ಟ್ಯೂಬು ಸರಿಯಾಗಿ ತೊಳೆದಿರೋದಿಲ್ಲ ನೀನು. ಬೆಳಗಿನ ಪ್ರಯೋಗದ ಗ್ಲೂಕೋಸ್ ಉಳಿದಿರುತ್ತೆ. ಹಸುಗೂಸಿಗೆ ಹಾಲು ಬಿಡಿಸ್ತಾರಾ ಯಾರಾದ್ರೂ? ಡಾಕ್ಟರ್ ಕೆಲಸ ನಿನಗ್ಯಾಕೆ?"

ಮೂವತ್ತು ವರ್ಷ ಟ್ಯೂಬು ತೊಳೆದ ಕೈ ಅದು. ಆದರೂ ತನ್ನ ಕೈಗಿಂತ ನನ್ನ ಮಾತನ್ನೇ ನಂಬಿದ. ಮನೆಗೆ ಹೋಗಿ, "ಮೇಡಂ ಹೇಳಿದ್ದಾರೆ, ಹಾಲು ಕುಡಿಸಮ್ಮ," ಎಂದು ಮಗಳಿಗೆ ಹೇಳಿದ. ಮೂರು ದಿನ ಕಳೆದು ದೊಡ್ಡಾಸ್ಪತ್ರೆಯ ವೈದ್ಯರು ಗ್ಯಾಲಕ್ಟೋಸ್ ಎಂದರು, ಹಾಲು ನಿಲ್ಲಿಸಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮಗು ಅಂದು ಸಂಜೆಯೇ ತೀರಿಕೊಂಡಿತು.

ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಹೇಡಿ ನಾನು. ಅವನು ಎಂದಿನಂತೆ ಕೆಲಸಕ್ಕೆ ಬಂದ. ಹಾಲು-ವಿಷದ ಆ ಗಾದೆಯನ್ನು ಮಾತ್ರ ಮತ್ತೆ ಅವನ ಬಾಯಲ್ಲಿ ಕೇಳಿಲ್ಲ. ಈ ವರ್ಷವೂ ಗ್ಲೂಕೋಸಿನ ಮಾದರಿ ಕಟ್ಟಿ ಮೇಜಿನ ಮೇಲಿಟ್ಟಿದ್ದಾನೆ, ಎಲ್ಲ ಗೋಲಿಗಳೂ ತಮ್ಮ ತಮ್ಮ ಜಾಗದಲ್ಲಿವೆ. ಪ್ರಯೋಗಕ್ಕೆ ಟ್ಯೂಬು ಕೇಳಿದರೆ ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗಿಡುತ್ತಾನೆ. ಪ್ರತಿ ಸಲವೂ ಅದೇ ಮಾತು.

"ತೊಳೆದಿದೆ, ಮೇಡಂ."