ಕೊಟ್ಟು ಕಳೆಯುವ ವಿದ್ಯೆ

ನನಗೆ ಯಾವ ಸಾಮಾನನ್ನೂ ಎಸೆಯಲು ಬರುವುದಿಲ್ಲ. ಕೈಯೇ ಮೇಲೇಳುವುದಿಲ್ಲ. ಆದರೂ ಬಹಳ ವರ್ಷ ನನ್ನ ಮನೆ ಚೊಕ್ಕಟವಾಗಿ, ಓಡಾಡಲು ಜಾಗವಿರುವಂತೆ ಇತ್ತು. ಅದು ಹೇಗೆ ಎಂದು ಕೇಳಿದರೆ ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ: ನಾನು ಎಸೆಯುತ್ತಿರಲಿಲ್ಲ, ಕೊಡುತ್ತಿದ್ದೆ.

ನಮ್ಮ ಕಡೆ ಮನೆಯ ಸಾಮಾನು ಬೀದಿಗೆ ಬಿದ್ದರೆ ಮನೆತನವೇ ಬೀದಿಗೆ ಬಿತ್ತೆಂದು ಜನ ಮಾತಾಡಿಕೊಳ್ಳುತ್ತಾರೆ. ಕಾಲು ಮುರಿದ ಮಂಚವಾದರೂ ಸರಿ, ನೆಂಟರಿಗೆ "ಸದ್ಯಕ್ಕೆ ನಿಮ್ಮಲ್ಲಿರಲಿ" ಎಂದು ಕೊಡಬೇಕು. ಆಮೇಲೆ ಕೊಟ್ಟವನು ಕೇಳಬಾರದು, ತೆಗೆದುಕೊಂಡವನು ಹಿಂದಕ್ಕೆ ತರಬಾರದು. ಎಪ್ಪತ್ತರ ದಶಕದಲ್ಲಿ ಶಿಕಾರಿಪುರದ ಹೊರಗೆ ಹೊಸ ಬಡಾವಣೆ ಎದ್ದು, ನಾವು ಪೇಟೆಯ ಹಳೆಯ ಮನೆಗಳನ್ನು ಬಿಟ್ಟು ಬೆಂಕಿಪೊಟ್ಟಣದಂಥ ತಾರಸಿ ಮನೆಗಳಿಗೆ ಬಂದಾಗ ಈ ವಿದ್ಯೆ ಬಹಳ ಉಪಯೋಗಕ್ಕೆ ಬಂತು. ಕಸದ ಗಾಡಿ ಎಂಬುದು ಇನ್ನೂ ಅತ್ತ ಸುಳಿದಿರಲಿಲ್ಲ. ನಾನು ತೊಟ್ಟಿಲನ್ನು ಆಗಷ್ಟೇ ಮದುವೆಯಾಗಿದ್ದ ಷಡ್ಡಕನಿಗೆ ಆಶೀರ್ವಾದದ ಸಮೇತ ದಾಟಿಸಿದೆ. ಒರಳುಕಲ್ಲನ್ನು ಪಕ್ಕದ ಮನೆಯ ಖಾದರ್ ಸಾಹೇಬರಿಗೆ ಕೊಟ್ಟೆ. ಅವರು ಅದಕ್ಕೆ ಮೇಕೆ ಕಟ್ಟಿದರು.

ಬಳ್ಳಿಗಾವಿ, ಬಂದಳಿಕೆಗಳ ಗುಡಿಗಳ ಮುಂದೆ ನಿಂತಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಹಿಂದಿನವರಿಗೂ ಮನೆ ಬದಲಾಯಿಸುವ ತಲೆನೋವು ಇದ್ದೇ ಇದ್ದಿರಬೇಕು. ಅವರು ಜಾಣರು, ಎಲ್ಲವನ್ನೂ ಕಲ್ಲಿನಲ್ಲಿ ಕಡೆದು ಇದ್ದಲ್ಲೇ ಬಿಟ್ಟು ಹೋದರು. ಅವರು ಬಿಟ್ಟು ಹೋದದ್ದನ್ನು ನೋಡಲು ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ನಾವು ಬಿಟ್ಟು ಹೋಗುವುದನ್ನು ನೋಡಲು ಯಾರು ಬಂದಾರು?

ಇರಲಿ. ಹೇಳಬೇಕಾದದ್ದು ಪೆಟ್ಟಿಗೆಯ ವಿಷಯ.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಪೈರಿನ ಹುಳುವಿಗೆ ಹೊಡೆಯುವ ಆ ವಿಷವನ್ನು ಎಲ್ಲರೂ ಔಷಧಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆದೂ ಕರೆದೂ ಅದರ ಭಯ ಹೋಗಿತ್ತು. ಮಾರಾಟವಾಗದೆ ತುಕ್ಕು ಹಿಡಿದ ಡಬ್ಬಗಳನ್ನು ನಾನು ಮನೆಗೆ ತಂದು, ತಾತನ ಕಾಲದ ಅಕ್ಕಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದೆ. ಒಂದು ಮಳೆಗಾಲದಲ್ಲಿ ಡಬ್ಬವೊಂದು ಸೋರಿತು. ಡಬ್ಬಗಳೇನೋ ಅಂಗಡಿಗೆ ಹಿಂದಿರುಗಿದವು. ಆದರೆ ಸೋರಿದ್ದನ್ನೆಲ್ಲ ಪೆಟ್ಟಿಗೆಯ ಹಲಗೆ ಕುಡಿದಿತ್ತು. ಸೀಗೆಪುಡಿ ಹಾಕಿ ಉಜ್ಜಿದೆ, ಬಿಸಿಲಿಗಿಟ್ಟೆ. ವಾಸನೆ ಹೋದಂತಾಯಿತು, ಕಲೆ ಹೋಗಲಿಲ್ಲ.

ಒಬ್ಬ ಮನುಷ್ಯ ಕಾಲು ಮಡಿಸಿ ಮಲಗಬಹುದಾದ ಆ ಪೆಟ್ಟಿಗೆ ಹೊಸ ಮನೆಯ ಬಾಗಿಲಲ್ಲಿ ಹಿಡಿಸಲೂ ಇಲ್ಲ. ಅಷ್ಟರಲ್ಲಿ ಸೊರಬ ತಾಲೂಕಿನ ಕುಪ್ಪಗಡ್ಡೆಯಿಂದ ನನ್ನ ತಂಗಿ ಗಿರಿಜೆಯ ಗಂಡ ಗಾಡಿ ಹೊಡೆದುಕೊಂಡು ಬಂದ. "ತೇಗದ ಪೆಟ್ಟಿಗೆ, ತಗೊಂಡು ಹೋಗಿ" ಎಂದೆ. ಹಾಸಿಗೆ, ಕಂಬಳಿ ತುಂಬುತ್ತಾರೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಸಿಗೆಗೆ ಮಾತ್ರ ಎಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದ. ಮರೆತೆ ಎಂದು ಇಷ್ಟು ದಿನ ಹೇಳುತ್ತ ಬಂದಿದ್ದೇನೆ, ಮರೆತಿರಲಿಲ್ಲ.

ಕೆಲವು ತಿಂಗಳ ಮೇಲೆ ಗಿರಿಜೆಯ ಗಂಡ ಮಗಳು ಗೌರಿಯ ಮದುವೆಗೆ ಕರೆಯಲು ಬಂದ. ಸೋದರಮಾವನಿಗೇ ಮೊದಲ ಕರೆ. ಕಾಫಿ ಕುಡಿಯುತ್ತ, "ಭಾವಯ್ಯಾ, ನಿಮ್ಮ ಪೆಟ್ಟಿಗೆಯಿಂದ ಭಾಳ ಉಪಕಾರ ಆತು ನೋಡಿ. ಮದುವೆ ಅಕ್ಕೀನೆಲ್ಲ ಅದಕ್ಕೇ ತುಂಬಿಸೀವಿ" ಎಂದ. ನಾನು "ಸಂತೋಷ" ಎಂದೆ. ಅವನು ಹೋದ ಮೇಲೆ ನನ್ನ ಹೆಂಡತಿ ಲೋಟ ತೆಗೆಯದೆ ಹಾಗೇ ನಿಂತಳು.

"ಏನ್ರೀ ಸಂತೋಷ? ಅದ್ರಾಗೆ ಔಷಧಿ ಸೋರಿತ್ತಲ್ರೀ! ಊರಿಗೂರೇ ಉಣ್ಣಾಕೆ ಬರ್ತದೆ."

ನಾನು ಬುದ್ಧಿವಂತ. ಒಂದು ಉಪಾಯ ಮಾಡಿದೆ. ಎರಡು ಮೂಟೆ ಒಳ್ಳೆಯ ಅಕ್ಕಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಮದುವೆಯ ಹಿಂದಿನ ದಿನವೇ ಹೊರಟೆ. ಇದನ್ನು ಅಡುಗೆಗೆ ಕೊಟ್ಟು, ಪೆಟ್ಟಿಗೆಯ ಅಕ್ಕಿಯಲ್ಲಿ ಹುಳು ಬಿದ್ದಿದೆಯೆಂದು ಹೇಗಾದರೂ ಸಾಗಿಸಿಬಿಡುವುದು. ಅಲ್ಲಿ ಮೂಟೆ ಇಳಿಯುತ್ತಿದ್ದಂತೆ ಚಪ್ಪರದ ಜನವೆಲ್ಲ ತಿರುಗಿ ನೋಡಿದರು. "ಸೋದರಮಾವ ಅಂದ್ರೆ ಹಿಂಗಿರಬೇಕು" ಎಂದು ಯಾರೋ ಅಂದರು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಪೆಟ್ಟಿಗೆ ಮರೆತೇ ಹೋಯಿತು. ಶಲ್ಯ ಸರಿಮಾಡಿಕೊಂಡೆ.

ಅಷ್ಟರಲ್ಲಿ ಗಿರಿಜೆ ಒಳಗಿನಿಂದ ಕೂಗಿದಳು: "ಅಣ್ಣ ತಂದ ಅಕ್ಕೀನೂ ಪೆಟ್ಟಿಗೆಗೇ ಸುರೀರಿ, ಅಲ್ಲಿ ಇನ್ನೂ ಜಾಗ ಇದೆ."

ಮೂಟೆ ಹೊತ್ತವರು ಒಳಗೆ ನಡೆದರು. ನನ್ನ ಉಪಾಯದಲ್ಲಿ ಇದು ಇರಲಿಲ್ಲ. ನಾನು ಅವರಿಗಿಂತ ಮೊದಲೇ ಓಡಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕುಳಿತುಬಿಟ್ಟೆ.

"ಏಳೋ ಅಣ್ಣಾ, ಕೂರೋಕೆ ಮಣೆ ಕೊಡ್ತೀನಿ."

"ಏಳಲ್ಲ."

"ಎಂಥ ಆಯ್ತು ಮಾರಾಯ ನಿಂಗೆ?"

ಸುತ್ತ ಬೀಗರಿದ್ದರು, ಅಡುಗೆಯವರಿದ್ದರು. ಗೌರಿ, ನಾಳೆ ಸೋದರಮಾವನಾದ ನನ್ನ ಕೈಹಿಡಿದು ಮಂಟಪಕ್ಕೆ ಬರಬೇಕಾದ ಮದುಮಗಳು, ಅರಿಸಿನದ ಮೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಕುಳಿತಲ್ಲೇ ಎಲ್ಲವನ್ನೂ ಹೇಳಿದೆ. ಸೋರಿದ್ದು, ಉಜ್ಜಿದ್ದು, ಗೊತ್ತಿದ್ದೂ ಕೊಟ್ಟದ್ದು.

ಹೊತ್ತವರು ಮೂಟೆಗಳನ್ನು ನೆಲಕ್ಕಿಳಿಸಿದರು. ಕೊನೆಗೆ ಗಿರಿಜೆ, "ಮದುವೆ ಅಕ್ಕಿ ಅಂತ ಇನ್ನೂ ಒಂದು ಕಾಳು ಮುಟ್ಟಿಲ್ಲ, ಬಚಾವಾದಿ" ಎಂದಳು. ಆಮೇಲೆ ದನಿ ಏರಿಸಿದಳು: "ಹಾಳು ಸಾಮಾನು ಹಾಕೋಕೆ ನನ್ನ ಮನೇನೇ ಸಿಕ್ತೇನೋ ನಿಂಗೆ? ಇದನ್ನ ನೀನೇ ತಗೊಂಡು ಹೋಗು. ಈಗಲೇ!"

ನಮ್ಮ ವಂಶದಲ್ಲಿ ಕೊಟ್ಟ ಸಾಮಾನನ್ನು ಹಿಂದಕ್ಕೆ ತೆಗೆದುಕೊಂಡ ಮೊದಲ ಗಂಡಸು ನಾನು.

ಅಡುಗೆಯವನು ಸಮಾಧಾನದ ಮಾತಾಡಿದ, "ಒಡೆದು ಒಲೆಗೆ ಹಾಕಿದ್ರೆ ಆತು ಬಿಡಿ, ಒಣಗಿದ ತೇಗ." ಬೇಡ, ಅದರ ಹೊಗೆಯೂ ವಿಷವೇ ಎಂದೆ. ಅಕ್ಕಿಯನ್ನಾದರೂ ಕೋಳಿಗೆ ಹಾಕೋಣ ಎಂದರು. ಕೋಳಿಯನ್ನು ನಾಳೆ ಯಾರು ತಿನ್ನುತ್ತಾರೆ ಎಂದು ಕೇಳಿದೆ. ಅನ್ನವಾಗಬೇಕಾದದ್ದನ್ನು ಮಣ್ಣಿಗೆ ಹಾಕುವುದಕ್ಕೆ ಯಾರ ಮನಸ್ಸೂ ಒಪ್ಪಲಿಲ್ಲ, ನನ್ನದೂ ಒಪ್ಪಲಿಲ್ಲ. ಆದರೂ ಬಾವಿ, ಕೆರೆಗಳಿಂದ ದೂರ, ಏನೂ ಬೆಳೆಯದ ಎತ್ತರದ ದಿಬ್ಬಕ್ಕೆ ಪೆಟ್ಟಿಗೆಯನ್ನು ಗಾಡಿಯಲ್ಲಿ ಸಾಗಿಸಿದೆ. ಗುಂಡಿಯನ್ನು ನಾನೇ ತೋಡಿದೆ. ಗಿರಿಜೆಯ ಗಂಡ ಹಾರೆ ಹಿಡಿಯಲು ಬಂದ, ಬೇಡವೆಂದೆ. ಅವನು ಬದುವಿನ ಮೇಲೆ ಕುಳಿತು ಬೀಡಿ ಹಚ್ಚಿದ. ಅಂಗಡಿಯಲ್ಲಿ ತಕ್ಕಡಿ ಹಿಡಿದ ಕೈ ನನ್ನದು. ಅದಕ್ಕೆ ಮಣ್ಣಿನ ಗಟ್ಟಿತನ ಅಂದೇ ಗೊತ್ತಾದದ್ದು. ಅಕ್ಕಿ, ಪೆಟ್ಟಿಗೆ ಎಲ್ಲವನ್ನೂ ಮುಚ್ಚಿ, ಯಾರೂ ಅಗೆಯದಂತೆ ಮೇಲೆ ಕಲ್ಲು ಹೇರಿ ಹಿಂದಿರುಗುವಾಗ ಸಂಜೆಯಾಗಿತ್ತು.

ಮನೆಯ ಮುಂದೆ ಹೆಂಗಸರು ಮೊರದಲ್ಲಿ, ಬುಟ್ಟಿಯಲ್ಲಿ ಅಕ್ಕಿ ತಂದು ಸುರಿಯುತ್ತಿದ್ದರು. ನನ್ನ ಎರಡು ಮೂಟೆ ಸಾಲುವುದಿಲ್ಲವೆಂದು ಕೇರಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಯಾರೂ ಸೋದರಮಾವನನ್ನು ಹೊಗಳಲಿಲ್ಲ. ನಾನು ಹಿತ್ತಿಲ ಕಡೆಯಿಂದ ಒಳಗೆ ನುಸುಳಿದೆ.

ಬೆಳಿಗ್ಗೆ ಗೌರಿಯನ್ನು ಕರೆದುಕೊಂಡು ಬರಲು ಬೇರೆ ಯಾರನ್ನಾದರೂ ಕರೆಯುತ್ತಾರೆಂದು ನಾನು ಕಂಬದ ಹಿಂದೆ ನಿಂತಿದ್ದೆ. ಪುರೋಹಿತರು ಕೂಗಿದರು. ಗಿರಿಜೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಡುಕುತ್ತ ಬಂದಳು.

"ಇಲ್ಲಿದೀಯೇನೋ? ಕೈ ತೊಳಕೊಂಡು ಬಾ, ಮಗು ಕಾಯ್ತಾ ಇದೆ."

ಗೌರಿ ನನ್ನ ಕೈ ಹಿಡಿದವಳೇ ಮೆಲ್ಲಗೆ, "ಮಾವ, ಕೈತುಂಬಾ ಬೊಬ್ಬೆ!" ಎಂದಳು. ಹಿಡಿತ ಸಡಿಲಿಸಿದಳೇ ಹೊರತು ಕೈ ಬಿಡಲಿಲ್ಲ. ಮಂಟಪದವರೆಗೂ ಉರಿಯುವ ಅಂಗೈ ಹಿಡಿದುಕೊಂಡು ನಡೆದೆ. ಅಂದಿನಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಈಗ ನನ್ನ ಮನೆ ಚೊಕ್ಕಟವಾಗಿಲ್ಲ. ನಾನು ಏನು ಕೊಟ್ಟರೂ, ಒಂದು ಹಿಡಿ ಹುಣಸೆಹಣ್ಣಾದರೂ, ನೆಂಟರು ಮೊದಲು ಮೂಗಿನ ಹತ್ತಿರ ಹಿಡಿಯುತ್ತಾರೆ. ಹೆಂಡತಿಗೆ ಅದು ಅವಮಾನ. ನನಗೆ ಹಾಗನ್ನಿಸುವುದಿಲ್ಲ. ಮೂಸಿ ನೋಡಿ, ನನ್ನ ಮುಖ ನೋಡಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತಾರಲ್ಲ, ಅಷ್ಟು ಸಾಕು.