ಹತ್ತು ಅಂಗಿಯ ಸುದ್ದಿ

...ಅಥವಾ ಆ ವಿಡಿಯೊವನ್ನು ಮೊದಲು ತೋರಿಸಿದ್ದು ನಾನೇ ಇರಬಹುದು. ದೊಡ್ಡಪ್ಪ ನನಗೆ ತೋರಿಸಿದರು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಹಾಗಾಗಿ ಅದರ ಮೇಲೆ ನನಗೆ ಗುಮಾನಿ. ಯಾರೇ ತೋರಿಸಿರಲಿ, ಅದರಲ್ಲಿ ಒಬ್ಬಾತ ಕೊಬ್ಬರಿ ಬೆಲೆ ಇನ್ನೇನು ಬಿದ್ದೇಹೋಗುತ್ತದೆ ಎಂದು ಕೂಗುತ್ತಿದ್ದ.

ದಂಡಿನಶಿವರದ ಮನೆಯ ಅಟ್ಟದ ಮೇಲೆ ದೊಡ್ಡಪ್ಪನ ಇಡೀ ವರ್ಷದ ಕಾಯಿ ಇತ್ತು. ಒಳಗಿನ ನೀರೆಲ್ಲ ಇಂಗಿದ ಮೇಲಷ್ಟೇ ಅದು ಕೊಬ್ಬರಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರು ಕುಲುಕಬಾರದು, ಒಣಗಿದ ತಿರುಳಿನ ಗಿಟುಕು ಲೊಟಲೊಟ ಎನ್ನಬೇಕು. ಇನ್ನೂ ಎರಡು ತಿಂಗಳು ಬೇಕೆಂದು ಅವರೇ ಹೇಳಿದ್ದರು.

ಒಂದನ್ನು ನೋಡಿದ ತಪ್ಪಿಗೆ ಫೋನು ಅಂಥವೇ ಹತ್ತು ವಿಡಿಯೊ ತಂದು ಸುರಿಯಿತು. ನಾವು ಏನು ನೋಡುತ್ತೇವೋ ಅದನ್ನೇ ಮತ್ತೆ ಬಡಿಸುವ ಯಂತ್ರ ಅದು ಎಂದು ವಿವರಿಸಿದೆ. ಊರಲ್ಲಿ ಹತ್ತು ಜನ ಹೇಳಿದ್ದನ್ನು ನಂಬಿಯೇ ಬಾಳಿದವರು ದೊಡ್ಡಪ್ಪ. “ಹತ್ತು ಜನಾನೂ ಸುಳ್ಳು ಹೇಳ್ತಾರೇನ್ಲಾ?”

ಒಲೆಯ ಮುಂದಿದ್ದ ದೊಡ್ಡಮ್ಮ ತಿರುಗಿಯೂ ನೋಡಲಿಲ್ಲ. “ಹತ್ತು ಜನ ಎಲ್ ಬಂದ್ರು? ದನಿ ಕೇಳ್ರಿ. ಒಬ್ನೇ ಹತ್ತು ಅಂಗಿ ಬದಲಾಯಿಸ್ಕಂಡು ಬತ್ತಾವ್ನೆ.”

ನಾನು ಪತ್ರಿಕೆಯ ಪಕ್ಷ. ಧಾರಣೆಯ ಪುಟ ಬಿಡಿಸಿ ಮುಂದಿಟ್ಟೆ. ತಿಪಟೂರಿನ ಹಿಂದಿನ ಹರಾಜಿನ ದರವಿತ್ತು, ನಾಳೆಯ ಬಗ್ಗೆ ಒಂದಕ್ಷರವಿಲ್ಲ. “ಆಗೋಗಿದ್ದು ಹೇಳಕ್ಕೆ ಪೇಪರ್ ಯಾಕ್ಲಾ ಬೇಕು?” ಎಂದರು ದೊಡ್ಡಪ್ಪ. ಇದೇ ಪತ್ರಿಕೆ ಒಮ್ಮೆ ಕಂದಿಕೆರೆಯ ಮಳೆಯನ್ನು ಹುಳಿಯಾರಿಗೆ ಸುರಿಸಿ, ಮೂರನೇ ದಿನ ಮೂಲೆಯಲ್ಲಿ ತಿದ್ದುಪಡಿ ಹಾಕಿತ್ತು. ಆ ತಿದ್ದುಪಡಿಗಾಗಿಯೇ ನಾನು ಅದನ್ನು ನಂಬುತ್ತೇನೆ. ದೊಡ್ಡಪ್ಪ ನಂಬದಿರುವುದೂ ಅದಕ್ಕೇ. ಫೋನು ಇವತ್ತಿನವರೆಗೆ ಅವರೆದುರು ತಪ್ಪು ಒಪ್ಪಿಕೊಂಡದ್ದಿಲ್ಲ.

ಬೆಲೆ ಬೀಳುವ ಮೊದಲೇ ಮಾರಿಬಿಡಬೇಕೆಂದು ದೊಡ್ಡಪ್ಪ ಮರುದಿನವೇ ಕಾಯಿ ಸುಲಿಯುವವರನ್ನು ಕರೆಸಿದರು. ಒಡೆದ ಮೊದಲ ರಾಶಿಯಲ್ಲಿ ಬಹುಪಾಲು ಹಸಿ, ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ದೊಡ್ಡಮ್ಮ ಅಟ್ಟದ ಏಣಿಯನ್ನೇ ಹಿತ್ತಿಲಿಗೆ ಸಾಗಿಸಿದ್ದರಿಂದ ಅರ್ಧ ಉಳಿಯಿತು. ಆ ವಾರ ಬೆಲೆ ಬೀಳಲಿಲ್ಲ.

ಎರಡು ತಿಂಗಳ ಮೇಲೆ ದೊಡ್ಡಪ್ಪ ಫೋನು ಮಾಡಿದರು. ಅಟ್ಟದ ಕಾಯಿ ಒಣಗಿತ್ತು. “ಈಗ್ಲೇ ಒಡೆಸ್ಲೋ, ಇನ್ನೊಂದ್ ತಿಂಗ್ಳು ತಡೀಲೋ? ನಿನ್ ಪೇಪರ್ ಏನಂತದೆ?”

ಪುಟ ತಿರುವಿದೆ. “ಗೊತ್ತಿಲ್ಲ ದೊಡ್ಡಪ್ಪ.”

“ಗೊತ್ತಿಲ್ಲ ಅನ್ನಕ್ಕೆ ಇಷ್ಟೆಲ್ಲಾ ಓದ್ಬೇಕೇನ್ಲಾ?”

ಫೋನಿಟ್ಟರು. ಬೆಲೆ ಏನಾಯಿತೆಂದು ಪತ್ರಿಕೆಯಲ್ಲಿ ನೋಡಿ ತಿಳಿದುಕೊಳ್ಳಬಹುದು. ಆಮೇಲೆ ಅವರು ಯಾರನ್ನು ಕೇಳಿದರು ಎಂಬುದು ಮಾತ್ರ ನನಗೆ ಗೊತ್ತಿಲ್ಲ.