ಕೇಟ್‌ಳ ಎಡ ಮಣಿಕಟ್ಟು

ನಾಲ್ಕು ವರ್ಷಗಳ ಹಿಂದೆ ನಾನು ದುಬೈಯ ಊದ್ ಮೇಥಾದ ಕ್ಲಿನಿಕ್ಕೊಂದರಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಚಳಿಗಾಲ ಅಬುಧಾಬಿಯಲ್ಲಿ ನಡೆದ ಮಹಿಳಾ ಟೆನಿಸ್ ಟೂರ್ನಿಯೊಂದಕ್ಕೆ ನನ್ನನ್ನು ವಾರದ ಮಟ್ಟಿಗೆ ಕರೆಸಿಕೊಂಡರು.

ಮೊದಲ ದಿನವೇ ಚಿಕಿತ್ಸೆಗೆ ಬಂದವಳು ಕೇಟ್, ಇಂಗ್ಲೆಂಡಿನ ಆಟಗಾರ್ತಿ. ವಯಸ್ಸು ಮೂವತ್ತಮೂರು. ಹೆರಿಗೆಯ ನಂತರ ಆಟಕ್ಕೆ ಮರಳುವ ಹೊತ್ತಿಗೆ ಎಡ ಮಣಿಕಟ್ಟಿನ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿತ್ತು. ಅವಳದು ಬಲಗೈ ಆಟವೇ. ಆದರೆ ರ‍್ಯಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾರಿಸುವ ಬ್ಯಾಕ್‌ಹ್ಯಾಂಡ್‌ಗೆ ಬಲ ಕೊಡುವುದು ಎಡಗೈ. ಗಾಯಗೊಂಡು ಬಹುಕಾಲ ದೂರವಿದ್ದವರಿಗೆ ಹಳೆಯ ರ‍್ಯಾಂಕಿಂಗ್ ಮೇಲೆ ಕೆಲವೇ ಟೂರ್ನಿಗಳಲ್ಲಿ ಪ್ರವೇಶ ಸಿಗುತ್ತದೆ. ಕೇಟ್‌ಗೆ ಇದು ಅಂಥ ಕೊನೆಯ ಟೂರ್ನಿ. ಮರಳಿದ ಮೇಲೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

"ಇಲ್ಲೂ ಸೋತರೆ ಆಟ ಬಿಡುತ್ತೇನೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಣಿಕಟ್ಟು ಬಗ್ಗಿಸಹೋದರೆ ಅರ್ಧದಲ್ಲೇ ಕೈ ಎಳೆದುಕೊಳ್ಳುತ್ತಿದ್ದಳು. ಟೂರ್ನಿಯ ವೈದ್ಯರು ಭಟ್ಕಳದ ಡಾ. ಇರ್ಷಾದ್. ಸ್ಕ್ಯಾನ್ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಎಲ್ಲ ಸರಿ ಉಂಟು ಲವೀನಾ. ಚೆನ್ನಾಗಿ ಕೂಡಿಕೊಂಡಿದೆ. ಅವಳಿಗೆ ಹೆದರಿಕೆ ಮಾತ್ರ."

"ಅದಕ್ಕೆ ಮದ್ದು ಉಂಟಾ ಡಾಕ್ಟ್ರೇ?"

"ನೀವೇ ಹುಡುಕಬೇಕು ಮಾರಾಯ್ರೆ!"

ಮರುದಿನ ಬೆಳಿಗ್ಗೆ ಕೇಟ್‌ಳ ಗಂಡ ಎರಡು ವರ್ಷದ ಮಗಳನ್ನು ಕರೆತಂದ. ಮಗು ಓಡಿಬಂತು. ಕೇಟ್‌ಳ ಬಲಗೈಯಲ್ಲಿ ನೀರಿನ ಬಾಟಲಿ. ಎಡ ಅಂಗೈಯ ಮೇಲೆ ಮಗುವನ್ನು ಕೂರಿಸಿ ಎತ್ತಿಕೊಂಡು ಗಿರಗಿರನೆ ತಿರುಗಿದಳು. ಮಗು ಕೇಕೆ ಹಾಕಿತು. ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿತ್ತು.

"ಕೇಟ್, ಮಗುವನ್ನು ಯಾವ ಕೈಯಲ್ಲಿ ಎತ್ತಿಕೊಂಡಿದ್ದೀ?"

ತನ್ನ ಕೈಯನ್ನೇ ನೋಡಿದಳು. ಆಮೇಲೆ ಬಿದ್ದು ಬಿದ್ದು ನಗತೊಡಗಿದಳು. ಕೂಡಲೇ ಎರಡೂ ಕೈಗಳ ಬಲ ಪರೀಕ್ಷಿಸಿದೆ. ವ್ಯತ್ಯಾಸ ಹೆಸರಿಗಷ್ಟೇ ಇತ್ತು. ಆ ಮಧ್ಯಾಹ್ನ ಅಭ್ಯಾಸದಲ್ಲಿ ಮೆತ್ತಗೆ ಶುರುಮಾಡಿದವಳು ಕೊನೆಗೆ ಜೋರಾಗಿಯೇ ಬಾರಿಸುತ್ತಿದ್ದಳು.

ಅವಳ ಮೊದಲ ಸುತ್ತಿನ ಪಂದ್ಯ ಕೊನೆಯ, ಮೂರನೇ ಸೆಟ್‌ವರೆಗೆ ಹೋಯಿತು. ಆರು-ಐದರ ಮುನ್ನಡೆ ಇದ್ದಾಗ ಕೇಟ್ ವೈದ್ಯಕೀಯ ವಿರಾಮ ಕೇಳಿದಳು. ಚಿಕಿತ್ಸೆಗೆ ಸಿಗುವುದು ಮೂರೇ ನಿಮಿಷ. ಓಡಿಹೋಗಿ ಕುರ್ಚಿಯ ಪಕ್ಕ ಮಂಡಿಯೂರಿದೆ.

"ನೋಯುತ್ತಿದೆ. ಮತ್ತೆ ಹರಿಯಿತಾ? ನಿಜ ಹೇಳು."

ಒತ್ತಿ, ತಿರುಗಿಸಿ ನೋಡಿದೆ. ನೋವಿದ್ದದ್ದು ಮುಂಗೈ ಸ್ನಾಯುವಿನಲ್ಲಿ, ಹೊಲಿಗೆ ಹಾಕಿದ ಜಾಗದಲ್ಲಲ್ಲ.

"ದಣಿದಿದೆ ಅಷ್ಟೆ. ಇಷ್ಟು ಜೋರಾಗಿ ಆಡಿ ಎಷ್ಟು ಕಾಲವಾಯಿತು? ಹೋಗು, ಹೊಡಿ."

ಪಟ್ಟಿ ಸುತ್ತಿ ಕಳಿಸಿದೆ. ನನ್ನ ತೀರ್ಮಾನ ತಪ್ಪಿದರೆ ಅವಳ ವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು.

ಗೆಲುವಿಗೆ ಒಂದೇ ಪಾಯಿಂಟ್ ಬಾಕಿ ಇದ್ದಾಗ ಎದುರಾಳಿ ಬೇಕೆಂದೇ ಚೆಂಡನ್ನು ಅವಳ ಎಡಬದಿಗೆ ಕಳಿಸಿದಳು. ಕೇಟ್ ಎರಡೂ ಕೈ ಹಾಕಿ ಗೆರೆಯುದ್ದಕ್ಕೆ ಬಾರಿಸಿದಳು. ಚೆಂಡು ಮೂಲೆಯಲ್ಲಿ ಬಿತ್ತು. ಸದಾ ಗಂಭೀರವಾಗಿರುತ್ತಿದ್ದ ಇರ್ಷಾದ್ "ಖಲಾಸ್!" ಎಂದು ಕುರ್ಚಿಯಿಂದ ಜಿಗಿದರು. ಬೆವರಿನಲ್ಲಿ ತೊಯ್ದ ಕೇಟ್ ಬಂದು ತಬ್ಬಿಕೊಂಡಾಗ ನನ್ನ ಸಮವಸ್ತ್ರವೂ ಒದ್ದೆಯಾಯಿತು.

ಆ ಸಂಜೆ ಡಾಕ್ಟರು ನಮ್ಮನ್ನೆಲ್ಲ ಅಲ್ ಮೀನಾದ ಮೀನು ಮಾರುಕಟ್ಟೆಗೆ ಕರೆದೊಯ್ದು, ಅಂಜಲ್ ಕೊಂಡು ಹುರಿಸಿ ತಿನ್ನಿಸಿದರು. ಮುಂದಿನ ಸುತ್ತಿನಲ್ಲಿ ಕೇಟ್ ಸೋತಳು, ಆದರೆ ಆಟ ಬಿಡುವ ಮಾತೆತ್ತಲಿಲ್ಲ. ಇನ್ನೂ ಎರಡು ವರ್ಷ ಆಡಿದಳು.

ಅಲ್ಲಿಂದೀಚೆಗೆ ನಾನು ರೋಗಿಗಳನ್ನು ಎಲ್ಲಿ ನೋವು ಎಂದು ಮೊದಲು ಕೇಳುವುದಿಲ್ಲ. ಬೆಳಿಗ್ಗೆಯಿಂದ ಏನೇನು ಕೆಲಸ ಮಾಡಿದಿರಿ ಎಂದು ಕೇಳುತ್ತೇನೆ. ಹೇಳುತ್ತ ಹೇಳುತ್ತ ಎಷ್ಟೋ ಮಂದಿ ತಾವೇ ನಕ್ಕುಬಿಡುತ್ತಾರೆ.